ಅನ್ನದಡಿಯ ತುಪ್ಪ

ಆ ಮನೆಯ ಗಂಡಸರ ರಕ್ತ ತೆಗೆದಿಟ್ಟರೆ ಹಾಲಿನಂತೆ ಕೆನೆಗಟ್ಟುತ್ತಿತ್ತು. ಸಕ್ಕರೆ ಕಾಯಿಲೆಯೂ ಅದರ ಜೊತೆಗೇ ಬರುತ್ತಿತ್ತು. ನಿಂಬೆವ್ವನ ಮಾವ ಅದರಲ್ಲೇ ಹೋದರು. ಗಂಡ ಕಣ್ಣು ಕಳೆದುಕೊಂಡು ಪಡಸಾಲೆಯ ಮಂಚ ಹಿಡಿದಿದ್ದ. ಗಂಡುಮಕ್ಕಳ ತಾಟಿಗೆ ತುಪ್ಪ ಬೀಳಕೂಡದೆಂದು ಅತ್ತೆಯ ಕಟ್ಟಪ್ಪಣೆಯಿತ್ತು. ಅವಳು ಮಾತ್ರ ಮೂವತ್ತು ವರ್ಷ ಮಗನ ಅನ್ನದಡಿ ತುಪ್ಪ ಬಚ್ಚಿಟ್ಟು ಬಡಿಸಿದಳು. ಯಾಕೆಂದು ಯಾರ ಮುಂದೆಯೂ ಬಾಯಿಬಿಡುವಂತಿರಲಿಲ್ಲ.

ಈಗ ರೋಗದ ಮೂಲ ಹುಡುಕಲು ಡಾಕ್ಟರು ಅಪ್ಪ, ಮಗ ಇಬ್ಬರ ರಕ್ತವನ್ನೂ ವಂಶವಾಹಿ ಪರೀಕ್ಷೆಗೆ ಕಳಿಸಿದ್ದರು. ಎರಡು ವಾರ ಅವಳು ದಿನ ಎಣಿಸಿದಳು. ಕೊನೆಗೊಂದು ಮಧ್ಯಾಹ್ನ ಮಗ ಅಡುಗೆಮನೆಗೆ ಬಂದ. ಮುಖ ಬಿಳಿಚಿಕೊಂಡಿತ್ತು.

“ಅವ್ವಾ, ರಿಪೋರ್ಟ್ ಬಂತು.”

“ಸಣ್ಣಗ ಮಾತಾಡೋ, ಅವರಿಗೆ ಕೇಳಸ್ತೈತಿ.” ಅವಳು ಅವನ ಕೈ ಹಿಡಿದುಕೊಂಡಳು. “ತಪ್ಪು ನಂದು. ನೀ ಅವರ ಮಗ ಅಲ್ಲ. ಅವರ ರೋಗ ನಿನಗ ಬರಂಗಿಲ್ಲಂತ ಗೊತ್ತಿದ್ದಕ್ಕ ತುಪ್ಪ ಹಾಕತಿದ್ದೆ.”

ಮಗ ಕೈ ಬಿಡಿಸಿಕೊಂಡ.

“ಅಪ್ಪನ ರಕ್ತದಾಗಿನ ದೋಷಾನ ನನ್ನ ರಕ್ತದಾಗೂ ಐತಿ. ಈ ಮನೆತನ ಬಿಟ್ಟು ಬ್ಯಾರೆ ಎಲ್ಲೂ ಸಿಕ್ಕಿಲ್ಲಂತ. ಇಷ್ಟು ವರ್ಷ ಏನು ತಿಂದೀ ಅಂತ ಡಾಕ್ಟರು ಕೇಳಿದ್ರವ್ವಾ.”