ಹೆಪ್ಪುಗಟ್ಟಿದ ಕೆರೆಗೊಂದು ಜೋಡಿ ಬೂಟು

“ಇದೂ ಆಗುದಿಲ್ಲ ಮಾರಾಯ, ಹೆಬ್ಬೆರಳಿಗೆ ಒತ್ತುತ್ತದೆ,” ಎಂದು ಅಂಗಡಿಯಲ್ಲಿ ಮಾವ ಏಳನೆಯ ಜೋಡಿ ಬೂಟನ್ನೂ ಕಳಚಿದರು.

ಅಳಿಯನಿಗೆ ತಲೆ ಕೆಟ್ಟುಹೋಯಿತು. ಮಲ್ಪೆಯ ಕಡಲಲ್ಲಿ ನಲವತ್ತು ವರ್ಷ ಬಲೆ ಬೀಸಿದವರಿಗೆ ಈಗ ಕೆನಡಾದ ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹಿಡಿಯುವ ಆಸೆ. ಸಕ್ಕರೆ ಕಾಯಿಲೆಯ ಕಾಲು ಬೇರೆ. ಚಳಿ ಹೊಕ್ಕರೆ ಬೆರಳೇ ಹೋದೀತೆಂದು ಡಾಕ್ಟರು ಹೆದರಿಸಿದ್ದರು.

“ಜಾಕೆಟ್ಟಿಗೆ ಒಂದು ಗಂಟೆ, ಬೂಟಿಗೆ ಎರಡು! ಮದುವೆ ಸೀರೆಗೂ ನಿಮ್ಮ ಮಗಳು ಇಷ್ಟು ಸತಾಯಿಸಲಿಲ್ಲ ಮಾವ.”

“ಕೋಪ ಮಾಡ್ಬೇಡ. ಹಾಂ, ಈ ಉಣ್ಣೆಯದ್ದು ಲಾಯ್ಕುಂಟು!”

ಮರುದಿನ ಕೆರೆಯ ದಡದಲ್ಲಿ ಅಳಿಯ ಕೇಳಿದ: “ಕಾಲು ಬೆಚ್ಚಗುಂಟಾ?”

“ಒಲೆ ಹತ್ತಿರ ಕೂತ ಹಾಗುಂಟು.”

ಮಾವ ಬಗ್ಗಿ ಮಂಜುಗಡ್ಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ, ಊರಲ್ಲಿ ದೋಣಿ ಹತ್ತುವ ಮೊದಲು ಮಾಡುತ್ತಿದ್ದಂತೆಯೇ, ಎರಡೂ ಬೂಟು ಕಳಚಿ ದಡದಲ್ಲಿಟ್ಟು ಬರಿಗಾಲಲ್ಲಿ ಮಂಜುಗಡ್ಡೆಯ ಮೇಲೆ ನಡೆದರು.