ಜಗ್ಗದ ಕ್ರಿಮಿ

ಡಾಕ್ಟರ್ ಯೆಲೆನಾ ರಕ್ತಪರೀಕ್ಷೆಯ ಫಲಿತಾಂಶ ಹೇಳಿದ್ದೇ ತಡ, ಮುದುಕ ವುಕ್ಸಾನ್ ಮಲಗಿದ್ದಲ್ಲೇ ಮೀಸೆ ತಿರುವಿದ. ಅವನ ರಕ್ತಕ್ಕೆ ಸೇರಿದ ಕ್ರಿಮಿ ಐದು ಔಷಧಿಗಳಿಗೂ ಜಗ್ಗಿರಲಿಲ್ಲ.

"ಜಗ್ಗೋದು ಹೇಗಮ್ಮ? ನಮ್ಮನೆ ರಕ್ತ ಕುಡಿದು ಬೆಳೆದಿದೆ," ಎಂದ.

"ಐದೇನಾ?" ಎಂದ ಪಕ್ಕದ ಹಾಸಿಗೆಯ ರಾದೋಸಾವ್. "ನಂದು ಏಳಕ್ಕೂ ಜಗ್ಗಿಲ್ಲ."

ನಮ್ಮ ಮೊಂಟೆನೆಗ್ರೊ ಗಂಡಸರು ಬೇಕಾದರೆ ಸತ್ತಾರು, ಕಾಯಿಲೆ ಬಿದ್ದೆ ಎಂದು ಒಪ್ಪಲಾರರು. ಜ್ವರ ಬಿಟ್ಟ ದಿನವೇ ಮಾತ್ರೆ ಬಿಸಾಡಿ, ಒಂದು ಗುಟುಕು ರಾಕಿಯಾ ಎಂಬ ದ್ರಾಕ್ಷಿ ಸಾರಾಯಿ ಇಳಿಸಿ, ಕುರಿಗಳ ಹಿಂದೆ ಗುಡ್ಡ ಹತ್ತುತ್ತಾರೆ. ಇವರಿಬ್ಬರೂ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಇದಕ್ಕೆ ಧೈರ್ಯ ಎಂದು ಹೆಸರು ಬೇರೆ.

ಯೆಲೆನಾಗೆ ರೇಗಿತು. "ಇದು ಪೌರುಷ ಅಲ್ಲ ಅಜ್ಜ. ಪ್ರತಿಸಲ ನೀವು ಅರ್ಧ ಹೊಡೆದು ಬಿಟ್ಟ ಹಾವು. ಇಬ್ಬರಿಗೂ ಇನ್ನೊಂದೇ ಔಷಧಿ ಉಳಿದಿರೋದು. ಸಾಕು ಅಂತ ನಾನು ಹೇಳೋವರೆಗೂ ಸೂಜಿ ತಗೋಬೇಕು. ಮಧ್ಯೆ ಎದ್ದು ಹೋದ್ರೆ ಆಮೇಲೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ."

ಸೂಜಿ ಶುರುವಾಗಿ ಇಬ್ಬರ ಜ್ವರವೂ ಇಳಿಯಿತು. ರಾದೋಸಾವ್ ಕೂಡಲೇ ಕೋಟು ಹಾಕಿಕೊಂಡ. ನರ್ಸ್ ಅಡ್ಡ ನಿಂತರೂ ಕೇಳಲಿಲ್ಲ. "ನೀನು ಬಾಣಂತಿ ಹಂಗೆ ಮಲಗಿರಪ್ಪ, ಸೂಪ್ ತರ್ತಾರೆ," ಎಂದು ವುಕ್ಸಾನನಿಗೆ ಹೇಳಿ ಹೊರಟೇಹೋದ.

ಆ ಮಾತು ಸೂಜಿಗಿಂತ ಆಳಕ್ಕೆ ಚುಚ್ಚಿತು. ಬೂಟು ತಾ ಎಂದು ಹೆಂಡತಿ ಸ್ತಾನೆಗೆ ಅಪ್ಪಣೆಯಾಯಿತು. ಅವಳು ಒಂದು ದಿನ ಬೂಟು ಸಿಗಲಿಲ್ಲ ಎಂದಳು, ಇನ್ನೊಂದು ದಿನ ರಿಪೇರಿಗೆ ಕೊಟ್ಟಿದ್ದೇನೆ ಎಂದಳು. ಹೀಗೇ ನಾಲ್ಕು ದಿನ ತಳ್ಳಿದಳು. ನಾಳೆ ತರದಿದ್ದರೆ ಬರಿಗಾಲಲ್ಲೇ ಹೊರಡುತ್ತೇನೆ ಎಂದು ಅವನು ಗುಡುಗಿದ. ಹೊರಡುವ ಆಸಾಮಿಯೇ ಎಂದು ಅವಳಿಗೆ ಗೊತ್ತಿತ್ತು. ಅಳುತ್ತಲೇ ಮನೆಗೆ ಹೋದಳು.

ಮರುದಿನ ಸ್ತಾನೆ ಬೂಟು ತಂದಳು, ಅದೂ ಪಾಲಿಶ್ ಹಾಕಿ. ಜೊತೆಗೆ ಒಂದು ಕಾಗದವನ್ನೂ ಹಾಸಿಗೆಯ ಮೇಲೆ ಬಿಡಿಸಿಟ್ಟಳು. ಸತ್ತವರ ಫೋಟೊ ಹಾಕಿ ಬೀದಿ ಕಂಬಕ್ಕೆ ಅಂಟಿಸುವ ಕಪ್ಪು ಅಂಚಿನ ಕಾಗದ ಅದು. ಫೋಟೊದಲ್ಲಿ ರಾದೋಸಾವ್ ನಗುತ್ತಿದ್ದ.

"ಆಸ್ಪತ್ರೆ ಎದುರಿನ ಕಂಬದಿಂದ ಕಿತ್ಕೊಂಡು ಬಂದೆ," ಎಂದಳು. "ಹೊರಡಿ. ಕಂಬದಲ್ಲಿ ಈಗ ಜಾಗ ಖಾಲಿ ಇದೆ."

ವುಕ್ಸಾನ್ ಕಾಗದ ಎತ್ತಿಕೊಂಡು ಓದಿದ. ಆಮೇಲೆ ಬೂಟುಗಳನ್ನು ಮಂಚದಡಿಗೆ ತಳ್ಳಿ, ಅಂಗಿಯ ತೋಳು ಮಡಚಿ, ಕೈ ಚಾಚಿಕೊಂಡು ಕೂತ. ಸೂಜಿ ಕೊಡುವುದು ಸಂಜೆಗಲ್ಲವೇ ಎಂದಳು ಸ್ತಾನೆ.

"ಇರಲಿ. ಅವರು ಮರ್ತುಗಿರ್ತು ಬಿಟ್ಟಾರು."