ಹದಿನಾಲ್ಕನೆಯ ಪ್ರಶ್ನೆ

"ಒಂದೇ ಒಂದು ಸೋರಿಕೆ ಕೊಡಿ ಅಣ್ಣ, ಸಾಕು," ಎಂದು ಪುರಸಭೆಯ ಗುಮಾಸ್ತೆ ಗೋಗರೆದಳು.

ನೀರುಗಂಟಿ ಕಣ್ಣು ಬಾಯಿ ಬಿಟ್ಟ. ಮೂವತ್ತೊಂದು ವರ್ಷದಿಂದ ಊರಿಗೆ ನೀರು ಬಿಡುವವನು, ಎಲ್ಲೇ ಹನಿ ತೊಟ್ಟಿಕ್ಕಿದರೂ ಊಟ ಬಿಟ್ಟು ಓಡುವವನು. ಅವನ ಹತ್ತಿರ ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಅವಳದ್ದೂ ತಪ್ಪಿಲ್ಲ. ಊರು ಎಷ್ಟು ಸುಸ್ಥಿರವಾಗಿದೆ ಎಂದು ಅಳೆಯಲು ಮೇಲಿನ ಕಚೇರಿಯಿಂದ ನಲವತ್ತು ಪ್ರಶ್ನೆಗಳು ಬಂದಿದ್ದವು. ಹದಿನಾಲ್ಕನೆಯದು: ಪೋಲಾಗುತ್ತಿದ್ದ ನೀರಿನಲ್ಲಿ ಎಷ್ಟನ್ನು ತಡೆದಿದ್ದೀರಿ? ಇಲ್ಲಿ ಪೋಲಾದದ್ದೇ ಇಲ್ಲ, ತಡೆಯುವುದೇನನ್ನು? ಅಂಕ ಸೊನ್ನೆ. ಪಕ್ಕದೂರಿನ ಕೊಳವೆಗಳು ಜರಡಿಯ ಹಾಗಿದ್ದವು. ಅವರು ನಾಲ್ಕು ತೂತು ಮುಚ್ಚಿ ಹತ್ತಕ್ಕೆ ಹತ್ತು ಹೊಡೆದುಕೊಂಡಿದ್ದರು.

"ಅಂಕ ಕಡಿಮೆ ಬಿದ್ರೆ ನಿಮ್ಮ ಹುದ್ದೇನೇ ತೆಗೀತಾರಂತೆ. ಮುಂದಿನ ತಿಂಗಳು ನೀವು ನಿವೃತ್ತಿ. ಆಮೇಲೆ ಕೊಳವೆ ನೋಡೋರು ಯಾರು? ನಾಲ್ಕು ದಿನ ಸೋರ್ಲಿ, ಅಳೆದು ಬರ್ಕೊಳ್ತೀನಿ. ಶುಕ್ರವಾರ ಪರಿಶೀಲನೆಗೆ ಬರೋ ಅಧಿಕಾರಿ ಎದುರೇ ಮುಚ್ಚಿಬಿಡಿ."

ಎಷ್ಟೋ ದಿನದಿಂದ ಅವನನ್ನು ಒಳಗೊಳಗೇ ಕೊರೆಯುತ್ತಿದ್ದ ಚಿಂತೆಯೂ ಅದೇ. ಸೋಮವಾರ ದರ್ಜಿ ಅಂಗಡಿಯ ಮೂಲೆಗೆ ಹೋಗಿ, ಹನ್ನೆರಡು ವರ್ಷದ ಹಿಂದೆ ತಾನೇ ಹಾಕಿದ್ದ ತೇಪೆಯನ್ನು ತಾನೇ ಕಿತ್ತ. ನೀರು ಚಿಮ್ಮಿತು. ತಿರುಗಿ ನೋಡದೆ, ಕದ್ದವನ ಹಾಗೆ ಸರಸರ ನಡೆದುಬಿಟ್ಟ.

ಮಂಗಳವಾರ ಗುಮಾಸ್ತೆ ಬಕೆಟ್ ಹಿಡಿದು ಬಂದರೆ ತೂತಿಗೆ ಲೈನಿಂಗ್ ಬಟ್ಟೆಯ ಬಿಗಿಯಾದ ಪಟ್ಟಿ. "ನಿಮಗೂ ವಯಸ್ಸಾಯ್ತು ಬಿಡಿ, ಕಣ್ಣೆದುರಿನ ತೂತೇ ಕಾಣಲ್ಲ," ಎಂದು ದರ್ಜಿ ನೀರುಗಂಟಿಯನ್ನು ಕಿಚಾಯಿಸಿದ. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡ ಅವನು, ದರ್ಜಿ ಊಟಕ್ಕೆ ಹೋದಾಗ ಪಟ್ಟಿ ಬಿಚ್ಚಿದ. ಬುಧವಾರ ನೋಡಿದರೆ ಸೈಕಲ್ ಅಂಗಡಿಯವಳ ಟ್ಯೂಬಿನ ತುಂಡು. ಗುರುವಾರ ಎದುರುಮನೆಯ ಅಜ್ಜಿ ಅರ್ಧ ಮೇಣದಬತ್ತಿ ಕರಗಿಸಿ ಮೆತ್ತಿದ್ದರು. ಅಳೆಯಲು ಲೀಟರಿರಲಿ, ಒಂದು ಲೋಟ ನೀರೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಣ ಕೆರೆದು ತೆಗೆದು, ನೀರುಗಂಟಿ ಗುಮಾಸ್ತೆಯನ್ನು ಕರೆತರಲು ಓಡಿದ. ಇಬ್ಬರೂ ಬಕೆಟ್ಟಿನೊಂದಿಗೆ ವಾಪಸು ಬರುವಷ್ಟರಲ್ಲಿ, ಇಸ್ತ್ರಿ ಮಾಡಿದ ಸೀರೆಯ ಹೆಂಗಸೊಬ್ಬಳು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ನೆನೆದು, ತೂತಿಗೆ ಹೆಬ್ಬೆರಳು ಒತ್ತಿಕೊಂಡಿದ್ದಳು. ಪಕ್ಕದಲ್ಲಿ ನಲವತ್ತು ಪ್ರಶ್ನೆಗಳ ಕಟ್ಟು ಒದ್ದೆಯಾಗಿ ಬಿದ್ದಿತ್ತು. ಅಧಿಕಾರಿ ಅರ್ಧ ಗಂಟೆ ಮೊದಲೇ ಬಂದಿದ್ದಳು.

"ಅಯ್ಯೋ ಮೇಡಂ, ಅದು ಅಳೆಯೋಕೆ ಅಂತ ನಾವೇ ಬಿಟ್ಟಿರೋದು," ಎಂದು ಗುಮಾಸ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡಳು. ಅಷ್ಟರಲ್ಲಿ ದರ್ಜಿ ಬಟ್ಟೆ ಹಿಡಿದು ಓಡಿಬಂದ, ಹಿಂದೆಯೇ ಸೈಕಲ್ ಅಂಗಡಿಯವಳು, ಅವಳ ಹಿಂದೆ ಮೇಣದಬತ್ತಿಯ ಅಜ್ಜಿ. ಅವರನ್ನು ನೋಡಿ ನೀರುಗಂಟಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರವಾಗಿತ್ತು.

"ಅಂದ್ರೆ, ನಿಮಗೆ ಅಂಕ ಕೊಡಬೇಕಾದ್ರೆ ನಾನು ಬೆರಳು ತೆಗೀಬೇಕು?" ಎಂದು ಅಧಿಕಾರಿ ಕೇಳಿದಳು.

"ಹೌದು ಮೇಡಂ," ಎಂದಳು ಗುಮಾಸ್ತೆ.

ಅಧಿಕಾರಿ ಬೆರಳನ್ನು ಇನ್ನಷ್ಟು ಒತ್ತಿ ಹಿಡಿದಳು. "ಅದು ನನ್ನಿಂದಾಗಲ್ಲ. ಆ ಹದಿನಾಲ್ಕನೇ ಪ್ರಶ್ನೇನೇ ಹೊಡೆದು ಹಾಕಿ."